ಮಗುವಿನ ಬೆನ್ನಿಗೆ ಎರಡನೇ ಆಪರೇಷನ್: ಒಪ್ಪಿಗೆಗೆ ಸಹಿ ಹಾಕುವ ಮುನ್ನ

ಬೆನ್ನುಮೂಳೆಯ ಡೊಂಕಿಗೆ ಒಮ್ಮೆ ರಾಡು, ಸ್ಕ್ರೂ ಹಾಕಿಸಿಕೊಂಡ ಮಗುವಿಗೆ ಮತ್ತೊಂದು ಆಪರೇಷನ್ ಬೇಕಾಗಬಹುದು ಎಂದು ವೈದ್ಯರು ಹೇಳಿದ ದಿನ ಮನೆಯವರ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಮಾಡಿಸಬೇಕೋ, ಬೇಡವೋ? ಮೈಸೂರಿನಲ್ಲಿ ಮಕ್ಕಳಿಗೆ ಫಿಸಿಯೋಥೆರಪಿ ಕೊಡುವ ನನ್ನ ಬಳಿಗೆ ಮಂಡ್ಯ, ಮದ್ದೂರು, ಪಾಂಡವಪುರ, ಹುಣಸೂರು ಕಡೆಗಳಿಂದ ಬರುವ ತಂದೆತಾಯಂದಿರು ಕೇಳುವುದೂ ಅದನ್ನೇ. ಮಗುವನ್ನು ಪರೀಕ್ಷಿಸಿದ ಸರ್ಜನ್ ಮತ್ತು ನೀವು ಕೂಡಿ ತೀರ್ಮಾನಿಸಬೇಕಾದ ವಿಷಯವದು. ಆದರೆ ಅದಕ್ಕಿಂತ ಮೊದಲು ಇನ್ನೆರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಮೊದಲ ಬಾರಿ ಹಾಕಿದ್ದು ಯಾವ ಕಾರಣಕ್ಕೆ ಕೈಕೊಟ್ಟಿತು? ಈಗ ಮಾಡಲು ಹೊರಟಿರುವುದು ಆ ಕಾರಣವನ್ನು ಹೇಗೆ ಸರಿಪಡಿಸುತ್ತದೆ? ಇವೆರಡಕ್ಕೂ ನಿಮಗೆ ಅರ್ಥವಾಗುವ ಮಾತಿನಲ್ಲಿ ಉತ್ತರ ದೊರೆಯುವ ತನಕ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಅವಸರ ಮಾಡಬೇಡಿ. ಆ ಉತ್ತರಗಳ ಬಳಿಗೆ ಹೋಗುವ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

1. ತುರ್ತು ಇದೆಯೇ ಎಂದು ಮೊದಲು ನೋಡಿ

ಎಕ್ಸ್‌ರೇಯಲ್ಲಿ ರಾಡು ಎರಡು ತುಂಡಾಗಿರುವುದು ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೂ ಮಗು ಎಂದಿನಂತೆ ನಡೆದಾಡುತ್ತಿದ್ದು, ಜ್ವರವಾಗಲಿ ಗಾಯದಲ್ಲಿ ತೊಂದರೆಯಾಗಲಿ ಇಲ್ಲದಿದ್ದರೆ, ಯೋಚಿಸಲು ಮತ್ತು ಇನ್ನೊಬ್ಬ ವೈದ್ಯರನ್ನು ಕಾಣಲು ಸಾಮಾನ್ಯವಾಗಿ ಕೆಲವು ವಾರಗಳ ಅವಕಾಶ ಇರುತ್ತದೆ.

ಕಾಯಬಾರದ ಲಕ್ಷಣಗಳು ಇವು: ಕಾಲಿನಲ್ಲಿ ಹೊಸದಾಗಿ ಶಕ್ತಿ ಕುಂದುವುದು, ನಡೆಯುವಾಗ ಪದೇ ಪದೇ ಎಡವುವುದು, ಕಾಲು ಮರಗಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು, ಹಳೆಯ ಗಾಯದಿಂದ ಕೀವು ಅಥವಾ ನೀರು ಜಿನುಗುವುದು, ಜ್ವರದ ಜೊತೆಗೆ ಬೆನ್ನುನೋವು ಏರುವುದು, ಲೋಹದ ತುದಿಯ ಮೇಲಿನ ಚರ್ಮ ಕೆಂಪಾಗಿ ತೆಳುವಾಗುವುದು, ಉಸಿರಾಟ ಕಷ್ಟವಾಗುವುದು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೊದಲ ಆಪರೇಷನ್ ಆದ ಆಸ್ಪತ್ರೆ ದೂರವಿದ್ದರೆ ಅಲ್ಲಿಗೆ ಫೋನ್ ಮಾಡಿ, ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೊರಟುಬಿಡಿ. ಆಷಾಢ ಕಳೆಯಲಿ, ಅಮಾವಾಸ್ಯೆ ಮುಗಿಯಲಿ ಎಂದು ಇಂಥ ಹೊತ್ತಿನಲ್ಲಿ ದಿನ ನೋಡಬಾರದು. ತುರ್ತಿಲ್ಲದ ಆಪರೇಷನ್ ಆದರೆ ಮನೆಯ ಹಿರಿಯರ ಸಮಾಧಾನಕ್ಕಾಗಿ ದಿನಾಂಕವನ್ನು ಸ್ವಲ್ಪ ಆಚೀಚೆ ಮಾಡಿಕೊಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ರಾಡು ಇರುವ ಬೆನ್ನನ್ನು ಎಣ್ಣೆ ಹಚ್ಚಿ ತಿಕ್ಕಿಸುವುದು, ಎಳೆಸುವುದು, ಮೂಳೆ ಕೂರಿಸುವವರ ಬಳಿ ಒತ್ತಿಸುವುದು ಬೇಡವೇ ಬೇಡ. ಸಡಿಲವಾದ ಸ್ಕ್ರೂವಿನ ಪಕ್ಕದಲ್ಲೇ ನರಗಳಿವೆ.

2. ಕಾಗದಪತ್ರ ಒಟ್ಟುಗೂಡಿಸಿ

ಎರಡನೇ ಅಭಿಪ್ರಾಯಕ್ಕೆ ಬರುವ ಅನೇಕರ ಕೈಯಲ್ಲಿ ಕೊನೆಯ ಎಕ್ಸ್‌ರೇ ಮತ್ತು ಡಿಸ್ಚಾರ್ಜ್ ಸಮ್ಮರಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಅಷ್ಟು ಸಾಲದು. ಬೇಕಾದುದು ಮೂರು: ಮೊದಲ ಆಪರೇಷನ್‌ಗೆ ಮುಂಚಿನದರಿಂದ ಹಿಡಿದು ಇಂದಿನವರೆಗಿನ ಎಲ್ಲಾ ಎಕ್ಸ್‌ರೇಗಳು, ಆಪರೇಷನ್ ಕೊಠಡಿಯಲ್ಲಿ ಏನೇನು ಮಾಡಲಾಯಿತು ಎಂದು ಸರ್ಜನ್ ಬರೆದಿಟ್ಟ ಟಿಪ್ಪಣಿ, ಮತ್ತು ಇಂಪ್ಲಾಂಟ್ ಸ್ಟಿಕ್ಕರುಗಳ ಹಾಳೆ.

ಈ ಹಾಳೆಯ ಬಗ್ಗೆ ಹೆಚ್ಚಿನವರಿಗೆ ತಿಳಿದೇ ಇರುವುದಿಲ್ಲ. ರಾಡು, ಸ್ಕ್ರೂಗಳ ಪೊಟ್ಟಣದ ಮೇಲೆ ಬೆರಳಗಲದ ಬಿಳಿ ಚೀಟಿ ಇರುತ್ತದೆ. ಕಂಪನಿಯ ಹೆಸರು, ಅಳತೆ, ಲೋಹ, ಬ್ಯಾಚ್ ಸಂಖ್ಯೆ ಎಲ್ಲವೂ ಅದರಲ್ಲಿ ಅಚ್ಚಾಗಿರುತ್ತವೆ. ಅದನ್ನು ಕಿತ್ತು ರೋಗಿಯ ಕಡತದಲ್ಲಿ ಅಂಟಿಸುತ್ತಾರೆ. ಮುಂದೆ ಆ ಸ್ಕ್ರೂ ತೆಗೆಯಬೇಕಾದರೆ ಅದೇ ಕಂಪನಿಯ, ಅದೇ ತಲೆಗೆ ಕೂರುವ ಸ್ಕ್ರೂಡ್ರೈವರ್ ಬೇಕು. ಅದು ಇಲ್ಲದಿದ್ದರೆ ಮೂಳೆಯ ಮೇಲೆಯೇ ಲೋಹ ಕತ್ತರಿಸುತ್ತಾ ಹೊತ್ತು ಕಳೆಯಬೇಕಾಗುತ್ತದೆ, ಅಷ್ಟು ಹೊತ್ತೂ ರಕ್ತ ಹೋಗುತ್ತಿರುತ್ತದೆ. ಲೋಹ ಯಾವುದೆಂದು ತಿಳಿಯುವುದೂ ಮುಖ್ಯ. ಹಳೆಯ ಸ್ಟೀಲಿಗೆ ಹೊಸ ಟೈಟಾನಿಯಂ ಜೋಡಿಸಿದರೆ ಎರಡು ಲೋಹಗಳು ತಾಗಿದಲ್ಲಿ ತುಕ್ಕು ಹಿಡಿಯುವ ಸಂಭವವಿರುವುದರಿಂದ ಸಾಮಾನ್ಯವಾಗಿ ಹಾಗೆ ಬೆರೆಸುವುದಿಲ್ಲ.

ದಾಖಲೆ ಕೇಳಿದರೆ ಕೊಡಲೇಬೇಕು. ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ರೋಗಿಯ ಕಡೆಯವರು ಕೇಳಿದ 72 ಗಂಟೆಗಳೊಳಗೆ ದಾಖಲೆ ಒದಗಿಸಬೇಕು. ಆದರೆ ಒಳರೋಗಿಯ ದಾಖಲೆಗಳನ್ನು ಕಾಪಾಡಬೇಕೆಂದು ಅದೇ ನಿಯಮ ಹೇಳುವುದು 3 ವರ್ಷಗಳ ಕಾಲ ಮಾತ್ರ. ಆದ್ದರಿಂದ ಇಂದು ಯಾವ ತೊಂದರೆಯೂ ಇಲ್ಲದ ಮಗುವಿನ ತಂದೆತಾಯಿಯೂ ಈಗಲೇ ಒಂದು ಅರ್ಜಿ ಬರೆದು ಪ್ರತಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಹಳೆಯ ಎಕ್ಸ್‌ರೇಗಳು ಏಕೆ ಬೇಕು ಎನ್ನುವುದಕ್ಕೆ ಒಂದು ನಿದರ್ಶನ. ಮದ್ದೂರು ಕಡೆಯ ರೈತರೊಬ್ಬರು ಮಗಳ ಫಿಲ್ಮುಗಳನ್ನೆಲ್ಲ ಸೀರೆ ಅಂಗಡಿಯ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದರು. ಪ್ರತಿಯೊಂದರ ಮೂಲೆಗೂ ಬಿಳಿ ಟೇಪು ಅಂಟಿಸಿ ದಿನಾಂಕ ಬರೆದಿದ್ದರು. ಕಿಟಕಿಯ ಬೆಳಕಿಗೆ ಅವುಗಳನ್ನು ಸಾಲಾಗಿ ಹಿಡಿದು ನೋಡಿದೆವು. ರಾಡು ಇದ್ದಷ್ಟು ಭಾಗ ಮೊದಲ ದಿನದಂತೆಯೇ ನೆಟ್ಟಗಿತ್ತು. ಅದರ ಕೆಳಗಿನ ಎರಡು ಮೂಳೆಗಳು ಮಾತ್ರ ಒಂದೊಂದು ಫಿಲ್ಮಿಗೂ ಇಷ್ಟಿಷ್ಟೇ ಓರೆಯಾಗುತ್ತಾ ಬಂದಿದ್ದವು. “ರಾಡೇ ಜಾರಿದೆ ಎಂದುಕೊಂಡಿದ್ದೆವು ಮೇಡಂ” ಎಂದರು ಅವರು. ರಾಡು ಜಾರಿರಲಿಲ್ಲ, ಡೊಂಕು ಕೆಳಕ್ಕೆ ಹಬ್ಬಿತ್ತು. ಇವೆರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಕೊನೆಯ ಫಿಲ್ಮ್ ಒಂದನ್ನೇ ತಂದಿದ್ದರೆ ಅದು ಅಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಎಕ್ಸ್‌ರೇ ವರದಿಯಲ್ಲಿ ಡೊಂಕಿನ ಅಳತೆಯನ್ನು ಕಾಬ್ ಕೋನ ಎಂದು ಡಿಗ್ರಿಗಳಲ್ಲಿ ಬರೆದಿರುತ್ತಾರೆ. ಒಂದೇ ಫಿಲ್ಮನ್ನು ಇಬ್ಬರು ಅಳೆದರೂ ಸುಮಾರು 5 ಡಿಗ್ರಿ ವ್ಯತ್ಯಾಸ ಬರಬಹುದು. ಹಾಗಾಗಿ 38 ಇದ್ದದ್ದು 41 ಆಯಿತು ಎಂದ ಮಾತ್ರಕ್ಕೆ ಡೊಂಕು ಹೆಚ್ಚಿತು ಎಂದು ಹೇಳಲು ಬರುವುದಿಲ್ಲ. ಒಬ್ಬರೇ ವೈದ್ಯರು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಅಳೆದು ಹೇಳಲಿ.

3. ಕೈಕೊಟ್ಟ ಕಾರಣ ತಿಳಿಯಿರಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹೆಜ್ಜೆ ಇದು. ರಾಡು ಮುರಿದಿದೆ ಎಂದಷ್ಟೇ ಹೇಳಿದರೆ ಕಾರಣ ಹೇಳಿದಂತಾಗಲಿಲ್ಲ. ಏಕೆ ಮುರಿಯಿತು?

ಸಾಮಾನ್ಯ ಕಾರಣ, ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳದಿರುವುದು. ರಾಡು ಇರುವುದು ಮೂಳೆ ಕೂಡಿಕೊಳ್ಳುವ ತನಕ ಹಿಡಿದಿಡಲು ಮಾತ್ರ. ಬೆಸುಗೆಯಾದ ಮೇಲೆ ಭಾರ ಹೊರುವುದು ಮೂಳೆಯೇ. ಎಲ್ಲೋ ಒಂದು ಕಡೆ ಬೆಸೆಯದೆ ಉಳಿದರೆ ಮಗು ಬಗ್ಗಿದಾಗಲೆಲ್ಲ ಆ ಜಾಗದಲ್ಲಿ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ತುಂಡಾಗುವ ಹಾಗೆ ಅದೂ ಒಂದು ದಿನ ಮುರಿಯುತ್ತದೆ. ಬೆಸುಗೆ ಆಗಿದೆಯೇ ಎಂಬುದು ಎಕ್ಸ್‌ರೇಗಿಂತ ಸಿ.ಟಿ. ಸ್ಕ್ಯಾನಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ಆಗದಿದ್ದರೆ ಬರೀ ರಾಡು ಬದಲಿಸಿ ಉಪಯೋಗವಿಲ್ಲ, ಹೊಸದೂ ಅಲ್ಲಿಯೇ ಮುರಿದೀತು. ಬೆಸುಗೆಯಾಗುವಂತೆ ಮೂಳೆ ಕಸಿ ಮಾಡಬೇಕಾಗುತ್ತದೆ. ಇನ್ನು ಬೆಸುಗೆ ಗಟ್ಟಿಯಾಗಿದ್ದು, ನೋವಿಲ್ಲದೆ, ಡೊಂಕು ಹೆಚ್ಚದೆ ಇದ್ದರೆ ಮುರಿದ ರಾಡನ್ನು ಒಳಗೇ ಬಿಟ್ಟು ಗಮನಿಸುತ್ತಿರುವುದೂ ಒಪ್ಪಿತವಾದ ಕ್ರಮವೇ. ಇದನ್ನು ಕೇಳಿ ಅನೇಕರು ಬೆರಗಾಗುತ್ತಾರೆ.

10 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಹಾಕುವ ಬೆಳೆಯುವ ರಾಡುಗಳ ಸಂಗತಿ ಬೇರೆ. ಅಲ್ಲಿ ಬೇಕೆಂದೇ ಮೂಳೆ ಬೆಸೆಯುವುದಿಲ್ಲ. ಬೆನ್ನು ಬೆಳೆಯಲಿ ಎಂದು ಸುಮಾರು ಆರು ತಿಂಗಳಿಗೊಮ್ಮೆ ರಾಡನ್ನು ಉದ್ದ ಮಾಡುತ್ತಾರೆ. ಆಯಸ್ಕಾಂತದ ರಾಡಾದರೆ ಚರ್ಮ ಕೊಯ್ಯದೆ ಹೊರಗಿನಿಂದಲೇ ಉದ್ದ ಮಾಡಬಹುದು. ಇಂಥ ರಾಡು ಮುರಿಯುವುದು, ಹಿಡಿತ ಸಡಿಲವಾಗುವುದು ಅಪರೂಪವಲ್ಲ. ಹಾಗಾದಾಗ ಮೊದಲ ಆಪರೇಷನ್ ಕೆಟ್ಟುಹೋಯಿತು ಎಂದು ತಂದೆತಾಯಿ ಕೊರಗುವುದನ್ನು ನೋಡಿದ್ದೇನೆ. ಕೊರಗಬೇಡಿ, ಅದು ಆ ಚಿಕಿತ್ಸೆಯ ದಾರಿಯಲ್ಲಿ ನಿರೀಕ್ಷಿಸಿದ್ದೇ. ಅಲ್ಲಿ ಕೇಳಬೇಕಾದುದು, ಇನ್ನೆಷ್ಟು ಬಾರಿ ಉದ್ದ ಮಾಡುವುದರಿಂದ ಪ್ರಯೋಜನವಿದೆ ಎಂದು. ಸಲ ಕಳೆದಂತೆ ಬೆನ್ನು ಬಿಗಿಯಾಗುತ್ತದೆ, ಸಿಗುವ ಉದ್ದ ಕಡಿಮೆಯಾಗುತ್ತದೆ.

ಮೂರನೆಯದು ಸೋಂಕು. ಆಪರೇಷನ್ ಆದ ಕೆಲವೇ ವಾರಗಳಲ್ಲಿ ಬಂದರೆ ಗಾಯ ತೆರೆದು ತೊಳೆದು, ಲೋಹ ಉಳಿಸಿಕೊಂಡು, ದೀರ್ಘಕಾಲ ಆ್ಯಂಟಿಬಯಾಟಿಕ್ ಕೊಡುವುದು ರೂಢಿ. ವರ್ಷಗಳ ನಂತರ ನಿಧಾನಕ್ಕೆ ತಲೆಯೆತ್ತುವ ಸೋಂಕಿಗೆ ಹೆಚ್ಚಾಗಿ ಲೋಹವನ್ನೇ ತೆಗೆಯಬೇಕಾಗುತ್ತದೆ. ಇ.ಎಸ್.ಆರ್., ಸಿ.ಆರ್.ಪಿ. ರಕ್ತ ಪರೀಕ್ಷೆಗಳು ಸುಳಿವು ಕೊಡುತ್ತವೆ. ಚರ್ಮದ ಮೇಲೆ ಸಹಜವಾಗಿರುವ ಕೆಲವು ಸೂಕ್ಷ್ಮಜೀವಿಗಳು ಬಹಳ ನಿಧಾನವಾಗಿ ಬೆಳೆಯುವುದರಿಂದ ಮಾದರಿಯನ್ನು ಪ್ರಯೋಗಾಲಯದಲ್ಲಿ ಎರಡು ವಾರಗಳವರೆಗೂ ಇಟ್ಟು ನೋಡುವಂತೆ ಕೇಳಿಕೊಳ್ಳಬಹುದು. ಲೋಹ ತೆಗೆದ ಮೇಲೆ ಡೊಂಕು ಸ್ವಲ್ಪ ಮರುಕಳಿಸಬಹುದು ಎಂಬುದನ್ನೂ ಮುಂಚೆಯೇ ಮಾತನಾಡಿಕೊಳ್ಳಿ.

ಬೆಳವಣಿಗೆಯೇ ಕಾರಣವಾಗುವುದೂ ಉಂಟು. ಹಿಂಭಾಗ ಮಾತ್ರ ಬೆಸೆದು, ಮುಂಭಾಗ ಬೆಳೆಯುತ್ತಲೇ ಹೋದರೆ ಚಿಕ್ಕ ಮಕ್ಕಳ ಬೆನ್ನು ತಿರುಚಿಕೊಳ್ಳುತ್ತದೆ. ರಾಡಿನ ಮೇಲ್ತುದಿಯ ಆಚೆ ಬೆನ್ನು ಮುಂದಕ್ಕೆ ಬಾಗಿ ಗೂನು ಕಾಣಿಸಿಕೊಳ್ಳಬಹುದು. ಸ್ಕ್ರೂ ತಪ್ಪು ಜಾಗದಲ್ಲಿದ್ದರೆ ಅಥವಾ ತೆಳ್ಳಗಿನ ಮಗುವಿನ ಚರ್ಮದಡಿ ಉಬ್ಬಿದ್ದರೆ ಅದೊಂದನ್ನೇ ಸರಿಪಡಿಸುವ ಚಿಕ್ಕ ಆಪರೇಷನ್ ಸಾಕಾಗಬಹುದು.

4. ಮಗು ಇನ್ನೆಷ್ಟು ಬೆಳೆಯಲಿದೆ?

ವಯಸ್ಸು ಇದಕ್ಕೆ ಪೂರ್ತಿ ಉತ್ತರವಲ್ಲ. ಸೊಂಟದ ಮೂಳೆ ಎಷ್ಟು ಬಲಿತಿದೆ ಎಂದು ತೋರಿಸುವ ರಿಸರ್ ಹಂತ, ಕೈಯ ಎಕ್ಸ್‌ರೇ, ಹೆಣ್ಣುಮಕ್ಕಳಾದರೆ ಮೈನೆರೆದ ಸಮಯ ಇವೆಲ್ಲವನ್ನೂ ಕೂಡಿಸಿ ವೈದ್ಯರು ಅಂದಾಜು ಮಾಡುತ್ತಾರೆ. ಶ್ವಾಸಕೋಶದ ಬೆಳವಣಿಗೆಗೆ ಮೊದಲ 8 ವರ್ಷಗಳು ಬಹಳ ಮುಖ್ಯ. ಬೇಗನೆ ಎದೆಭಾಗವನ್ನು ಬೆಸೆದುಬಿಟ್ಟರೆ ಉಸಿರಿಗೆ ಜಾಗ ಕಡಿಮೆಯಾಗುತ್ತದೆ. ಬೆಳವಣಿಗೆ ಮುಗಿಯುವ ಹೊತ್ತಿಗೆ ಎದೆಭಾಗದ ಬೆನ್ನುಮೂಳೆ ಕನಿಷ್ಠ 18 ಸೆಂಟಿಮೀಟರ್ ಎತ್ತರವಾದರೂ ಇರಲಿ ಎಂಬುದು ಸರ್ಜನ್‌ಗಳು ಕಣ್ಣ ಮುಂದಿಟ್ಟುಕೊಳ್ಳುವ ಗುರಿ. ಚಿಕ್ಕ ಮಗುವಿಗೆ ಎಲ್ಲವನ್ನೂ ಒಂದೇ ಸಲಕ್ಕೆ ಬೆಸೆದುಬಿಡಿ ಎಂದು ಒತ್ತಾಯಿಸುವ ಮುನ್ನ ಈ ಅಳತೆ ಕೇಳಿ. ದೊಡ್ಡ ಮಗುವಾದರೆ ಆರೆಂಟು ತಿಂಗಳು ಕಾದು ಕೊನೆಯ ಬೆಸುಗೆಯನ್ನೇ ಮಾಡಿಸುವುದು ಮೇಲಾಗಬಹುದು.

5. ಎರಡನೇ ಅಭಿಪ್ರಾಯ, ಮತ್ತು ಅಲ್ಲಿ ಕೇಳಬೇಕಾದದ್ದು

ನಮ್ಮ ಕಡೆ ಡಾಕ್ಟರ ಎದುರು ಪ್ರಶ್ನೆ ಕೇಳಲು ಸಂಕೋಚ. ಕೇಳಿದರೆ ಬೇಸರ ಮಾಡಿಕೊಂಡಾರು, ಮಗುವನ್ನು ಸರಿಯಾಗಿ ನೋಡದೆ ಹೋದಾರು ಎಂಬ ಅಳುಕು. “ಸಾರ್, ನಿಮ್ಮ ಮೇಲೆ ನಂಬಿಕೆಯಿದೆ. ದೊಡ್ಡ ನಿರ್ಧಾರವಾದ್ದರಿಂದ ಇನ್ನೊಬ್ಬರನ್ನೂ ಕೇಳಿಕೊಂಡು ಬರುತ್ತೇವೆ, ಸ್ಕ್ಯಾನಿನ ಪ್ರತಿ ಕೊಡಿ” ಎಂದು ನೇರವಾಗಿ ಹೇಳಿ. ಮರುಶಸ್ತ್ರಚಿಕಿತ್ಸೆಯ ಕಷ್ಟ ಗೊತ್ತಿರುವ ಸರ್ಜನ್ ಇದಕ್ಕೆ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೆ ಇನ್ನೊಬ್ಬರನ್ನು ಕಾಣಲು ಅದೇ ಸಾಕಷ್ಟು ಕಾರಣ ಎಂಬುದು ನನ್ನ ಅಭಿಪ್ರಾಯ.

ಎರಡನೇ ಆಪರೇಷನ್ ಮೊದಲನೆಯದಕ್ಕಿಂತ ಕಠಿಣ. ಹಳೆಯ ಗಾಯದ ಅಂಗಾಂಶ ಗಂಟುಗಟ್ಟಿರುತ್ತದೆ, ಮೂಳೆಯ ಗುರುತುಗಳು ಅಳಿಸಿರುತ್ತವೆ, ಸೋಂಕಿನ ಮತ್ತು ನರಕ್ಕೆ ಪೆಟ್ಟಾಗುವ ಅಪಾಯ ಹೆಚ್ಚು. ಆದ್ದರಿಂದ ಊರಿಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಆಸ್ಪತ್ರೆ ಆರಿಸಬೇಡಿ. ಪರೀಕ್ಷೆ, ಸ್ಕ್ಯಾನು, ಫಿಸಿಯೋಥೆರಪಿಗಳನ್ನು ಮೈಸೂರಿನಲ್ಲೋ ಮಂಡ್ಯದಲ್ಲೋ ಮಾಡಿಸಿ, ಆಪರೇಷನ್ ಮಾತ್ರ ಬೆಂಗಳೂರಿನಲ್ಲಿ ಮಾಡಿಸಬೇಕಾಗಿ ಬಂದರೆ ಅದು ನಷ್ಟವಲ್ಲ. ನಾಲ್ಕು ವಿಷಯ ಬರೆದುಕೊಂಡು ಹೋಗಿ, ಉತ್ತರವನ್ನೂ ಬರೆದುಕೊಳ್ಳಿ:

– ಮಕ್ಕಳ ಬೆನ್ನಿನ ಮರುಶಸ್ತ್ರಚಿಕಿತ್ಸೆಯನ್ನು ನೀವೇ ಮಾಡುತ್ತೀರಾ, ಆಗಾಗ ಮಾಡುತ್ತೀರಾ?
– ಆಪರೇಷನ್ ನಡೆಯುವಾಗ ನರಗಳ ಸಂಕೇತವನ್ನು ಯಂತ್ರದಲ್ಲಿ ಗಮನಿಸುವ ವ್ಯವಸ್ಥೆ ಇದೆಯೇ? ಸಂಕೇತ ಕುಂದಿದರೆ ಏನು ಮಾಡುತ್ತೀರಿ?
– ಮಕ್ಕಳ ಅರಿವಳಿಕೆ ತಜ್ಞರು, ಮಕ್ಕಳ ಐ.ಸಿ.ಯು., ರಕ್ತನಿಧಿ ಇಲ್ಲಿಯೇ ಇವೆಯೇ?
– ಈ ಆಪರೇಷನ್ ಮಾಡದಿದ್ದರೆ ಮುಂದಿನ ಎರಡು ವರ್ಷಗಳಲ್ಲಿ ಏನಾಗಬಹುದು?

ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಹುಟ್ಟಿನಿಂದಲೇ ಮೂಳೆಯ ಆಕಾರ ಕೆಟ್ಟಿದ್ದ ಮಗುವಾದರೆ ಹೃದಯ, ಮೂತ್ರಪಿಂಡ, ಬೆನ್ನುಹುರಿಯ ಪರೀಕ್ಷೆಗಳು ಹಿಂದೆ ಆಗಿವೆಯೇ ಎಂದೂ ಕೇಳಿ. ಈ ಮಕ್ಕಳಲ್ಲಿ ಅವುಗಳ ದೋಷವೂ ಜೊತೆಗಿರಬಹುದು. ಆಯಸ್ಕಾಂತದ ರಾಡು ಇದ್ದರೆ ಎಂ.ಆರ್.ಐ. ಮಾಡುವವರಿಗೆ ಮೊದಲೇ ತಿಳಿಸಿ.

6. ಹಣದ ದಾರಿ

ಒಡವೆ ಅಡವಿಡುವ, ಜಮೀನಿನ ಮೇಲೆ ಸಾಲ ಎತ್ತುವ ಮುನ್ನ ಸರ್ಕಾರಿ ಯೋಜನೆಗಳ ಬಾಗಿಲು ತಟ್ಟಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಮೊತ್ತದ, ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಯೋಜಿತ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮತ್ತು ಆಪರೇಷನ್‌ಗೆ ಮುಂಚಿನ ಅನುಮತಿ ಬೇಕು. ಮೊದಲು ದುಡ್ಡು ಕಟ್ಟಿ ಆಮೇಲೆ ಬಿಲ್ಲು ಕೊಟ್ಟು ಪಡೆದುಕೊಳ್ಳೋಣ ಎಂದುಕೊಳ್ಳಬೇಡಿ. ಈ ಯೋಜನೆಯ ನೆರವಿಗೆಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕಂಡು, ಪ್ಯಾಕೇಜಿನಲ್ಲಿ ಇಂಪ್ಲಾಂಟಿನ ಬೆಲೆ ಸೇರಿದೆಯೇ, ಎಷ್ಟರವರೆಗೆ ಎಂದು ಸ್ಪಷ್ಟ ಮಾಡಿಕೊಳ್ಳಿ. ಎಷ್ಟೋ ಕುಟುಂಬಗಳಿಗೆ ಕೊನೆಯ ಗಳಿಗೆಯಲ್ಲಿ ಪೆಟ್ಟು ಬೀಳುವುದು ಅಲ್ಲಿಯೇ.

ಹಾಲಿನ ಸಂಘವೋ ಕೃಷಿ ಪತ್ತಿನ ಸಂಘವೋ, ಯಾವುದಾದರೂ ಸಹಕಾರ ಸಂಘದ ಸದಸ್ಯರಾಗಿ ಯಶಸ್ವಿನಿ ಆರೋಗ್ಯ ಯೋಜನೆಗೆ ನೋಂದಾಯಿಸಿದ್ದರೆ ಅದನ್ನೂ ವಿಚಾರಿಸಿ. ಅಂಗನವಾಡಿ ಮತ್ತು ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ 18 ವರ್ಷದವರೆಗಿನ ಮಕ್ಕಳನ್ನು ಮೇಲಿನ ಆಸ್ಪತ್ರೆಗೆ ಕಳುಹಿಸಿಕೊಡಬಲ್ಲದು. ಕೊರತೆ ಬಿದ್ದರೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ಮಾಹಿತಿ ಬೇಕಾದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ.

7. ಮಗುವಿನ ಮಾತು

ದೊಡ್ಡವರು ಮಾತನಾಡಿಕೊಳ್ಳುವಾಗ ಮಗುವನ್ನು ಹೊರಗೆ ಕೂರಿಸಬೇಡಿ. ಪಾಂಡವಪುರದ ಹುಡುಗಿಯೊಬ್ಬಳ ವಿಷಯದಲ್ಲಿ ಮನೆಯವರೆಲ್ಲ ಅರ್ಧ ಗಂಟೆ ಅವಳ ಡೊಂಕಿನ ಡಿಗ್ರಿ ಚರ್ಚಿಸಿದರು. ನಿನಗೆ ಏನು ತೊಂದರೆ ಪುಟ್ಟಿ ಎಂದು ಕೇಳಿದಾಗ ಅವಳು ಕೈಯನ್ನು ಹಿಂದಕ್ಕೆ ತಿರುಗಿಸಿ, ಭುಜದ ಮೂಳೆಯ ಪಕ್ಕದ ಒಂದೇ ಒಂದು ಬಿಂದುವಿಗೆ ಬೆರಳಿಟ್ಟಳು: “ಶಾಲೆಯ ಬೆಂಚಿಗೆ ಒರಗಿದರೆ ಇಲ್ಲಿ ಒತ್ತುತ್ತದೆ. ಬೇರೆಲ್ಲೂ ನೋವಿಲ್ಲ.” ಮುಂದಿನ ಚರ್ಚೆ ಆ ಬೆರಳಿನ ಜಾಗದಿಂದ ಶುರುವಾಯಿತು.

ಹತ್ತು ಹನ್ನೆರಡು ವರ್ಷದ ಮಗುವಿಗೆ ಆಸ್ಪತ್ರೆಯಲ್ಲಿ ಎಷ್ಟು ದಿನ, ನೋವು ಎಷ್ಟು, ಏನು ಸರಿಹೋಗುತ್ತದೆ, ಏನು ಹೋಗುವುದಿಲ್ಲ ಎಂದು ಸತ್ಯ ಹೇಳಿ. ಬರೀ ಇಂಜೆಕ್ಷನ್ ಎಂದು ನಂಬಿಸಿ ಕರೆದುಕೊಂಡು ಹೋದರೆ ಎಚ್ಚರವಾದ ಮೇಲೆ ಅದು ಯಾರನ್ನೂ ನಂಬುವುದಿಲ್ಲ, ವ್ಯಾಯಾಮಕ್ಕೂ ಸಹಕರಿಸುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ನೆಂಟರು ಮದುವೆಯ ಮಾತು ತೆಗೆಯುತ್ತಾರೆ. ಬೆನ್ನು ನೆಟ್ಟಗಾಗದಿದ್ದರೆ ಯಾರು ಒಪ್ಪುತ್ತಾರೆ ಎಂದು ಕೆಲವರು, ಇನ್ನೊಂದು ಗಾಯದ ಗುರುತು ಬಿದ್ದರೆ ಹೇಗೆ ಎಂದು ಕೆಲವರು. ನೋವು, ಉಸಿರು, ನರ, ಡೊಂಕಿನ ಏರಿಕೆ, ಮಗುವಿಗೆ ತನ್ನ ದೇಹದ ಬಗ್ಗೆ ಇರುವ ದುಃಖ ಇವು ಆಪರೇಷನ್‌ಗೆ ಕಾರಣಗಳು. ಇನ್ನೂ ಬಾರದ ವರನ ಮನೆಯವರು ಕಾರಣರಲ್ಲ. ಈ ಮಾತನ್ನು ತಾಯಿತಂದೆಯರು ಮಗಳ ಎದುರಿನಲ್ಲೇ ಗಟ್ಟಿಯಾಗಿ ಹೇಳಬೇಕು.

8. ಕಾಯುವುದೆಂದು ತೀರ್ಮಾನವಾದರೆ

ಕಾಯುವುದೆಂದರೆ ಮರೆತುಬಿಡುವುದಲ್ಲ. ಮುಂದಿನ ಎಕ್ಸ್‌ರೇ ಯಾವಾಗ, ಡೊಂಕು ಎಷ್ಟಕ್ಕೇರಿದರೆ ಅಥವಾ ಏನು ಕಂಡರೆ ನಿರ್ಧಾರ ಬದಲಾಗಬೇಕು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಬೆಳೆಯುವ ಮಗುವಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳಿಗೊಮ್ಮೆ ನೋಡುತ್ತಾರೆ. ಎಕ್ಸ್‌ರೇಯನ್ನು ಬೆನ್ನಿನ ಕಡೆಯಿಂದ ತೆಗೆಯಲು ಕೇಳಿ, ಎದೆಭಾಗಕ್ಕೆ ವಿಕಿರಣ ಕಡಿಮೆ ತಾಗುತ್ತದೆ. ಮನೆಯಲ್ಲಿ ತಿಂಗಳಿಗೊಮ್ಮೆ ಅದೇ ಗೋಡೆಯ ಮುಂದೆ, ಅದೇ ಬೆಳಕಿನಲ್ಲಿ ಬೆನ್ನಿನ ಫೋಟೋ ತೆಗೆದು, ಎತ್ತರ ಅಳೆದು ಬರೆದಿಡಿ.

9. ಮಾಡಿಸುವುದೆಂದಾದರೆ

ದಿನಾಂಕಕ್ಕೆ ತಿಂಗಳುಗಳ ಮುಂಚೆಯೇ ಹಿಮೋಗ್ಲೋಬಿನ್, ವಿಟಮಿನ್ ಡಿ ಪರೀಕ್ಷಿಸಿ ಕೊರತೆ ತುಂಬಿಸಿಕೊಳ್ಳಿ. ಸೊರಗಿದ ಮಗುವಿನ ಗಾಯ ಒಣಗುವುದು ನಿಧಾನ. ರಾಗಿ, ಸೊಪ್ಪು, ಬೇಳೆ, ಹಾಲಿನ ಜೊತೆಗೆ ತಿನ್ನುವವರಾದರೆ ದಿನಕ್ಕೊಂದು ಮೊಟ್ಟೆ ಇರಲಿ. ಹಲ್ಲಿನ ಹುಳುಕು, ಚರ್ಮದ ಕಜ್ಜಿ ಇದ್ದರೆ ಮೊದಲು ವಾಸಿ ಮಾಡಿಸಿ. ಉಸಿರಿನ ವ್ಯಾಯಾಮವನ್ನು ಆಪರೇಷನ್‌ಗೆ ಮುಂಚೆಯೇ ಕಲಿಸಿದರೆ ನಂತರ ಸುಲಭ.

ಮನೆಯನ್ನೂ ಸಿದ್ಧಪಡಿಸಿ. ನೆಲದ ಮೇಲಿನ ಹಾಸಿಗೆಯಿಂದ ಏಳುವುದು ಮೊದಲ ವಾರಗಳಲ್ಲಿ ಬಲು ಕಷ್ಟ, ಮಂಚ ಬೇಕು. ಕುಕ್ಕರಗಾಲಿನ ಶೌಚಾಲಯವಿದ್ದರೆ ಕಮೋಡ್ ಕುರ್ಚಿ ತನ್ನಿ. ಬೆಂಗಳೂರಿನಿಂದ ಊರಿಗೆ ಬರುವಾಗ ನಡುನಡುವೆ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ. ಸರ್ವಿಸ್ ರಸ್ತೆಗಿಳಿದ ಮೇಲಿನ ಹಂಪುಗಳಲ್ಲಿ ನಿಧಾನ ಹೋಗಲು ಚಾಲಕರಿಗೆ ಮುಂಚೆಯೇ ಹೇಳಿ. ಬೈಕಿನ ಹಿಂದೆ ಕೂರಿಸುವುದು ವೈದ್ಯರು ಒಪ್ಪುವ ತನಕ ಬೇಡ. ಶಾಲೆಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ಹೋಗಬಹುದು. ಆದರೆ ಬ್ಯಾಗು ಹೊರುವಂತಿಲ್ಲ. ಪುಸ್ತಕಗಳ ಇನ್ನೊಂದು ಸೆಟ್ಟನ್ನು ತರಗತಿಯಲ್ಲೇ ಇಡಲು ಮುಖ್ಯ ಶಿಕ್ಷಕರನ್ನು ಕೇಳಿ. ಕಬಡ್ಡಿ, ಖೊ ಖೊ ಮೊದಲಾದ ಬೀಳುವ ಆಟಗಳಿಗೆ ಆರು ತಿಂಗಳಿಂದ ವರ್ಷದವರೆಗೂ ಕಾಯಬೇಕಾಗಬಹುದು.

ಡಿಸ್ಚಾರ್ಜ್ ಆಗುವ ದಿನ ರಾತ್ರಿ ಹೊತ್ತಿನಲ್ಲೂ ಎತ್ತುವ ಒಂದು ಫೋನ್ ಸಂಖ್ಯೆ ಕೇಳಿ ಪಡೆಯಿರಿ. ಮೊದಲ ಆರು ವಾರಗಳಲ್ಲಿ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಬ್ಯಾಂಡೇಜು ಒದ್ದೆಯಾದರೆ, ಕಾಲಿನ ಬಲ ಕುಂದಿದರೆ ಊರಿನ ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ತಂದು ನೋಡೋಣ ಎನ್ನದೆ ಆ ಸಂಖ್ಯೆಗೇ ಮೊದಲು ಕರೆ ಮಾಡಿ.